ಬೆಲ್ಟಿಗೆ ಬಿದ್ದ ಎಣ್ಣೆ

ಅವನನ್ನು ಎಲ್ಲರೂ ಎಣ್ಣೆ ಎಂದೇ ಕರೆಯುತ್ತಿದ್ದರು. ಆ ಹೆಸರು ಕೇಳಿದ ಹೊಸಬರು ಇವನೊಬ್ಬ ಕುಡುಕನಿರಬೇಕೆಂದು ಅರ್ಧ ಹೆಜ್ಜೆ ಹಿಂದೆ ಸರಿಯುವುದೂ ಉಂಟು. ನಿಜ ಹೇಳಬೇಕೆಂದರೆ ಅವನು ಕುಡಿಯುತ್ತಿದ್ದದ್ದು ನೀರು, ಅದೂ ಪರೀಕ್ಷೆ ಮಾಡಿದ್ದು. ನಗರದ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಅವನು ಹಿರಿಯ ವಿಶ್ಲೇಷಕ. ಗಾಜಿನ ನಳಿಕೆಯಲ್ಲಿ ಮಟ್ಟ ಓದಬೇಕೆಂದರೆ ಮಂಡಿ ಬಗ್ಗಿಸಿ, ಕಣ್ಣನ್ನು ಅದರ ಸಮಕ್ಕೆ ತಂದು, ಉಸಿರು ಬಿಗಿಹಿಡಿದು ನೋಡುವ ಆಸಾಮಿ. ಕೆಲಸ ಮುಗಿದ ಮೇಲೆ ಅದೇ ಕೈಯಲ್ಲಿ ಬೇಸ್ ಗಿಟಾರ್ ಹಿಡಿದು ‘ಮಹಡಿ’ ಎಂಬ ಬ್ಯಾಂಡಿನಲ್ಲಿ ನುಡಿಸುತ್ತಿದ್ದ, ಬ್ಯಾಂಡ್ ಇದ್ದಷ್ಟು ಕಾಲ.

ಹೆಸರು ಬಂದದ್ದು ಬ್ಯಾಂಡ್ ಇನ್ನೂ ಕಣ್ಣು ಬಿಡುತ್ತಿದ್ದಾಗ. ಅವನಿಗದು ವಿಜ್ಞಾನ ಪದವಿಯ ಕೊನೆಯ ವರ್ಷ. ಅವನ ಅಕ್ಕನಿಗೆ ಹಾಡಿನ ಹುಚ್ಚು. ರಾಕ್ ಎಂದರೆ ಪರದೇಶದ ಮಾತಿನಲ್ಲೇ ಹಾಡಬೇಕು, ನಮ್ಮ ಮಾತು ಅದಕ್ಕೆ ಬಗ್ಗುವುದಿಲ್ಲ ಎಂದು ಬಲ್ಲವರೆಲ್ಲ ಹೇಳುತ್ತಿದ್ದ ಕಾಲ. ಅಕ್ಕ ಕೇಳಲಿಲ್ಲ. “ನಾನು ಯಾವ ಮಾತಲ್ಲಿ ಜಗಳ ಆಡ್ತೀನೋ ಅದೇ ಮಾತಲ್ಲಿ ಹಾಡ್ತೀನಿ” ಎಂದುಬಿಟ್ಟಳು. ಜಗಳದಲ್ಲಿ ಅವಳದು ಎತ್ತಿದ ಕೈ. ಡ್ರಮ್ ಬಾರಿಸಲು ಸಿಕ್ಕವನು ಬೀದಿಯ ಬ್ಯಾಟರಿ ಅಂಗಡಿಯ ಮಾಲೀಕನ ಮಗ. ಅವನಿಗೆ ಬ್ಯಾಟರಿ ಎಂದೇ ಹೆಸರು. ಅಂಗಡಿಯ ಮೇಲಿನ ಖಾಲಿ ಕೋಣೆಯಲ್ಲಿ ಅಭ್ಯಾಸ ನಡೆಯುತ್ತಿದ್ದರಿಂದ ಬ್ಯಾಂಡಿನ ಹೆಸರು ಮಹಡಿ. ಗಿಟಾರ್ ಹಿಡಿದು ಮೆಟ್ಟಿಲು ಹತ್ತಿ ಬಂದ ಇನ್ನೊಬ್ಬ ಹುಡುಗ, ಅಕ್ಕನನ್ನು ನೋಡಿ ಇಳಿಯುವುದನ್ನೇ ಮರೆತ. ಎರಡು ವರ್ಷದಲ್ಲಿ ಅವನು ಎಣ್ಣೆಗೆ ಭಾವನಾದ.

ಮೊದಲ ಹಾಡು ‘ಕೊನೇ ಬಸ್ಸು’. ಬರೆದವಳು ಅಕ್ಕನೇ. ಕೊನೆಯ ಬಸ್ಸು ಹೋದಮೇಲೂ ನಿಲ್ದಾಣದ ಕಂಬದ ಕೆಳಗೆ ನಿಂತೇ ಇರುವ ಹುಡುಗಿಯೊಬ್ಬಳ ಹಾಡು. ಪ್ರತಿ ಚರಣದ ಕೊನೆಗೆ “ಇನ್ನೂ ಇಲ್ಲೇ ಇದ್ದೀನಿ” ಎಂಬ ಸಾಲು. ‘ಇದ್ದೀನಿ’ ಎನ್ನುವಾಗ ದನಿ ಮೇಲೇರಿ ಅಲ್ಲೇ ಉಳಿಯಬೇಕು. ರೆಕಾರ್ಡ್ ಮಾಡಲು ಯಾರದೋ ಟೇಪ್ ಯಂತ್ರವನ್ನು ಎರವಲು ತಂದರು. ಎಣ್ಣೆಗೆ, ಆಗಿನ್ನೂ ಎಣ್ಣೆಯಾಗದ ಆ ಹುಡುಗನಿಗೆ, ಧೂಳು ಕಂಡರಾಗದು. ಯಂತ್ರ ಬಿಚ್ಚಿ, ಹತ್ತಿಯಿಂದ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ತಂದು ಒಂದೊಂದು ಭಾಗಕ್ಕೂ ಹನಿಸಿದ. ಎಲ್ಲಿ ತಿರುಗುತ್ತದೋ ಅಲ್ಲಿ ಎಣ್ಣೆ ಬೇಕು ಎಂಬುದು ಅವನ ಸಿದ್ಧಾಂತ. ಯಂತ್ರದೊಳಗೆ ಮೋಟಾರಿನಿಂದ ಚಕ್ರಕ್ಕೆ ಹೋಗುವ ರಬ್ಬರ್ ಬೆಲ್ಟೊಂದಿತ್ತು. ಅದೂ ತಿರುಗುತ್ತಿತ್ತು.

ಎಣ್ಣೆ ಕುಡಿದ ಬೆಲ್ಟು ಜಾರತೊಡಗಿತು. ಮೋಟಾರು ಓಡಿದಷ್ಟು ವೇಗವಾಗಿ ಚಕ್ರ ಓಡಲಿಲ್ಲ. ಟೇಪು ನಿಧಾನವಾಗಿ ಸರಿಯಿತು. ಹಾಡು ಮುಗಿದ ಮೇಲೆ ಅದೇ ಯಂತ್ರದಲ್ಲಿ ಹಾಕಿ ಕೇಳಿದರು. ಅದೇ ನಿಧಾನದಲ್ಲಿ ತುಂಬಿದ್ದು ಅದೇ ನಿಧಾನದಲ್ಲಿ ಹೊರಬಂತು, ಒಂದು ತಪ್ಪು ಇನ್ನೊಂದನ್ನು ಮುಚ್ಚಿಹಾಕಿತು. ಸೊಗಸಾಗಿ ಬಂದಿದೆ ಎಂದು ಬೀಗಿದರು. ಕ್ಯಾಸೆಟ್ಟು ಪ್ರತಿ ಮಾಡುವವನ ಅಂಗಡಿಯಲ್ಲಿ, ಸರಿಯಾದ ಯಂತ್ರದಲ್ಲಿ ಅದು ಓಡಿದಾಗ ಹಾಡು ನಾಗಾಲೋಟ ಕಿತ್ತಿತು. ವೇಗದ ಜೊತೆಗೆ ಶ್ರುತಿಯೂ ಒಂದು ಮೆಟ್ಟಿಲು ಏರಿ, ಅಕ್ಕನ ಭಾರದ ದನಿ ಬೆಳ್ಳಿ ತಂತಿಯ ಹಾಗೆ ತೆಳ್ಳಗೆ ಮಿರಮಿರ ಎಂದಿತು. ಇವರಿಗೆ ಗೊತ್ತಾಗುವ ಹೊತ್ತಿಗೆ ಕ್ಯಾಸೆಟ್ಟು ಅಂಗಡಿ ಅಂಗಡಿ ಸೇರಿತ್ತು.

“ಬಸ್ಸು ಕಾಯೋ ಹಾಡು ಬರೆದಿದ್ದೆ ಕಣೋ, ನೀನು ಬಸ್ಸನ್ನೇ ಓಡಿಸಿಬಿಟ್ಟೆಯಲ್ಲೋ ಎಣ್ಣೆ!” ಎಂದಳು ಅಕ್ಕ. ಹೆಸರು ಅಂಟಿದ್ದು ಆವತ್ತು.

ಆದರೆ ಜನಕ್ಕೆ ಬೇಕಾದದ್ದು ಆ ಓಟವೇ. ರೇಡಿಯೋದಲ್ಲಿ, ಕ್ಷೌರದಂಗಡಿಯಲ್ಲಿ, ಲಾರಿಗಳಲ್ಲಿ, ಕಾಲೇಜಿನ ಮೆಟ್ಟಿಲ ಮೇಲೆ ಎಲ್ಲೆಲ್ಲೂ ‘ಕೊನೇ ಬಸ್ಸು’. ಪಕ್ಕದ ಮನೆಯಲ್ಲಿ ಮೂಗು ಮುರಿಯುತ್ತಿದ್ದವರು ತಮ್ಮ ನೆಂಟರನ್ನು ಕರೆತಂದು ಅಕ್ಕನನ್ನು ತೋರಿಸಿದರು. ಮೊದಲ ಕಾರ್ಯಕ್ರಮದಲ್ಲಿ ತಾವು ಕಟ್ಟಿದ ಶ್ರುತಿಯಲ್ಲೇ ನುಡಿಸಿದಾಗ ಹಿಂದಿನಿಂದ ಒಬ್ಬ, “ಊಟ ಮಾಡಿಲ್ವೇನ್ರೋ?” ಎಂದು ಕೂಗಿದ. ಅಂದಿನಿಂದ ಬ್ಯಾಂಡು ತನ್ನದೇ ಕ್ಯಾಸೆಟ್ಟನ್ನು ಅನುಕರಿಸತೊಡಗಿತು. ಭಾವ ತಂತಿಗಳನ್ನೆಲ್ಲ ಒಂದು ಮೆಟ್ಟಿಲು ಮೇಲಕ್ಕೆ ಬಿಗಿದ. ಗಿಟಾರಿನ ಕತ್ತಿಗೆ ಕ್ಲಿಪ್ ಹಾಕಿಕೊಂಡರೆ ತಂತಿ ಬಿಗಿಯದೆಯೇ ಶ್ರುತಿ ಏರಿಸಬಹುದಲ್ಲ ಎಂದು ಎಣ್ಣೆ ಹೇಳಿದ್ದಕ್ಕೆ, “ಕ್ಲಿಪ್ಪು ತಲೆಗೂದಲಿಗೆ” ಎಂದು ಬಾಯಿ ಮುಚ್ಚಿಸಿದ. ಬಿಗಿದ ತಂತಿ ಹಾಡಿನ ನಡುವೆ ಟಣ್ಣೆಂದು ಹರಿಯುತ್ತಿತ್ತು. ಅದಕ್ಕೂ ಜನ ಶಿಳ್ಳೆ ಹೊಡೆದರು. ಭಾವನ ಅಂಗಿಯ ಜೇಬಿನಲ್ಲಿ ಸುರುಳಿ ಸುತ್ತಿದ ಹೊಸ ತಂತಿಯೊಂದು ಸದಾ ಇರುತ್ತಿತ್ತು. ಮದುವೆಯ ದಿನವೂ ಇತ್ತು.

ಅಕ್ಕ ಹಲ್ಲು ಕಚ್ಚಿಕೊಂಡು ತನ್ನ ದನಿಯನ್ನು ಆ ಮೆಟ್ಟಿಲು ಹತ್ತಿಸಿದಳು. ಹತ್ತಿ, ಅಲ್ಲೇ ಮನೆ ಮಾಡಿದಳು.

ಇಳಿಗಾಲವೂ ಬಂತು. ಕೈತುಂಬ ಹೆಸರಿದ್ದಾಗ ಒಳ್ಳೆಯ ಸ್ಟುಡಿಯೋದಲ್ಲಿ, ನಂಬಿಕಸ್ಥ ಯಂತ್ರದಲ್ಲಿ ಎರಡನೇ ಕ್ಯಾಸೆಟ್ಟು ಮಾಡಿದರು. ಎಣ್ಣೆಯನ್ನು ಯಂತ್ರದ ಹತ್ತಿರ ಸುಳಿಯಗೊಡಲಿಲ್ಲ. ಅಚ್ಚುಕಟ್ಟಾಗಿ ಬಂದ ಆ ಹಾಡುಗಳನ್ನು ಕೇಳಿ ಜನ, “ಇವಳು ಅವಳೇನಾ?” ಎಂದರು. ಕ್ಯಾಸೆಟ್ಟು ಅಂಗಡಿಗಳಲ್ಲಿ ಬಿಸಿಲಿಗೆ ಬಣ್ಣ ಕಳೆದುಕೊಂಡಿತು. ಆಮೇಲೆ ದೊಡ್ಡ ಮೈದಾನಗಳು ಸಣ್ಣ ಹಾಲ್‌ಗಳಾದವು, ಹಾಲ್‌ಗಳು ಹೋಟೆಲಿನ ಮೂಲೆಗಳಾದವು. ಬ್ಯಾಟರಿ ಅಪ್ಪನ ಅಂಗಡಿಗೆ ಇಳಿದ. ಭಾವ ಗಿಟಾರ್ ಪಾಠ ಹೇಳಲು ಹಿಡಿದ. ಅಕ್ಕ ಕಿವುಡ ಮಕ್ಕಳ ಶಾಲೆಯಲ್ಲಿ ಮಾತು ಕಲಿಸುವ ಕೆಲಸಕ್ಕೆ ಸೇರಿ, “ನನ್ನ ಹಾಡಿಗೆ ದೂರು ಹೇಳದೇ ಇರೋ ಶ್ರೋತೃಗಳು ಕೊನೆಗೂ ಸಿಕ್ಕಿದ್ರು” ಎಂದು ನಗಿಸಿದಳು. ಯಾರೂ ಜಗಳವಾಡಿ ಬೇರೆಯಾಗಲಿಲ್ಲ. ಬ್ಯಾಂಡು ಮಹಡಿಯಿಂದ ಒಂದೊಂದೇ ಮೆಟ್ಟಿಲು ಇಳಿದು ಬೀದಿಯಲ್ಲಿ ಕರಗಿಹೋಯಿತು, ಅಷ್ಟೆ.

ಹಾಡು ಮಾತ್ರ ಕರಗಲಿಲ್ಲ. ಈಗಿನ ಹುಡುಗರು ಅದನ್ನು ಫೋನಿನಲ್ಲಿ ಎಲ್ಲಿಂದಲೋ ಹೆಕ್ಕಿ ತೆಗೆದು ಕುಣಿಯತೊಡಗಿದರು. ಮುಚ್ಚಿದ ಹತ್ತಿ ಗಿರಣಿಯ ಅಂಗಳದಲ್ಲಿ ದೊಡ್ಡ ಕಾರ್ಯಕ್ರಮ, ಮಹಡಿ ಬ್ಯಾಂಡು ಬರಲೇಬೇಕು ಎಂದು ಒಬ್ಬ ಆಯೋಜಕ ಹುಡುಕಿಕೊಂಡು ಬಂದ. ಕಪ್ಪು ಕನ್ನಡಕವನ್ನು ಕಣ್ಣಿಗೆ ಬಿಟ್ಟು ತಲೆಗೆ ಹಾಕಿಕೊಂಡಿದ್ದ ಚುರುಕು ಯುವಕ.

ಅಭ್ಯಾಸ ಮತ್ತೆ ಅದೇ ಮಹಡಿಯಲ್ಲಿ ಶುರುವಾಯಿತು. ಕೋಣೆ ತುಂಬ ಖಾಲಿ ಬ್ಯಾಟರಿ ಪೆಟ್ಟಿಗೆಗಳು. ಬ್ಯಾಟರಿಯ ಹೊಟ್ಟೆಗೂ ಡ್ರಮ್ಮಿಗೂ ನಡುವೆ ಜಾಗ ಸಾಲದೆ ಕುರ್ಚಿ ಹಿಂದೆ ಸರಿಸಬೇಕಾಯಿತು. ಕಾಲೇಜು ಮುಗಿಸಿದ್ದ ಅಕ್ಕನ ಮಗಳು ಪುಟ್ಟಿ ಕೀಬೋರ್ಡಿಗೆ ನಿಂತಳು. ಉಳಿದ ಹಾಡುಗಳೆಲ್ಲ ನೀರು ಕುಡಿದಷ್ಟು ಸಲೀಸಾಗಿ ಬಂದವು. ಒಂದು ಭಾನುವಾರ ಮಧ್ಯಾಹ್ನ, ಆಯೋಜಕನೂ ಬಂದು ಕೂತಿದ್ದಾಗ, ‘ಕೊನೇ ಬಸ್ಸು’ ಎತ್ತಿಕೊಂಡರು.

ಮೊದಲ ಚರಣ ದಾಟಿತು. “ಇನ್ನೂ ಇಲ್ಲೇ” ಎಂದು ಏರಿದ ಅಕ್ಕನ ದನಿ ‘ಇದ್ದೀನಿ’ಯಲ್ಲಿ ಒಡೆಯಿತು. ಎರಡನೇ ಸಲವೂ ಅಲ್ಲೇ, ಹಳೆಯ ಬಾಗಿಲ ಕೀಲಿನ ಹಾಗೆ ಕಿರುಗುಟ್ಟಿತು. ಮೂರನೇ ಸಲ ಅವಳು ಬಾಯಿ ತೆರೆಯುವ ಮೊದಲೇ ಪುಟ್ಟಿ, ತಾಯಿಗೆ ಆಸರೆಯಾಗಲೆಂದು, ತಾನೇ ಆ ಸ್ವರ ಹಿಡಿದಳು. ಅನಾಯಾಸವಾಗಿ ಹಿಡಿದಳು. ಕ್ಯಾಸೆಟ್ಟಿನಲ್ಲಿದ್ದದ್ದು ಇವಳೇ ಏನೋ ಅನ್ನಿಸುವ ಹಾಗಿತ್ತು.

ಆಯೋಜಕ ಎದ್ದು ನಿಂತ. “ಮೇಡಂ, ಜನ ಬರೋದೇ ಆ ಕೂಗಿಗೆ. ಈ ಒಂದು ಹಾಡು ಮಗಳು ಹಾಡ್ಲಿ. ಎರಡು ತಲೆಮಾರು ಅಂತ ಪೋಸ್ಟರ್ ಹಾಕೋಣ.”

“ಪೋಸ್ಟರಲ್ಲಿ ನಾನೆಲ್ಲಿರ್ತೀನಪ್ಪ? ಹಿಂದಿನ ಪುಟದಲ್ಲಾ?”

“ಪೋಸ್ಟರಿಗೆ ಹಿಂದಿನ ಪುಟ ಇರಲ್ಲ ಮೇಡಂ.”

“ಅದಕ್ಕೇ ಕೇಳಿದ್ದು.”

ಬ್ಯಾಟರಿ ನಕ್ಕ. ಬೇರೆ ಯಾರೂ ನಗಲಿಲ್ಲ. ಅಕ್ಕ ಮೈಕನ್ನು ಅದರ ಕೊಂಡಿಗೆ ಸಿಕ್ಕಿಸಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. “ಆಯ್ತು, ಪುಟ್ಟಿ ಹಾಡ್ಲಿ. ಆದ್ರೆ ಆ ಹಾಡಿಲ್ಲದೆ ಉಳಿದಿದ್ದಕ್ಕೆ ಅಂತ ನಾನು ವೇದಿಕೆ ಹತ್ತಲ್ಲ. ಎಲ್ಲಾನೂ ಅವಳೇ ಹಾಡ್ಲಿ. ನಾನು ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ತೀನಿ. ಅಷ್ಟೇ ತಾನೆ?”

“ಅಮ್ಮಾ, ನಾನು ಸುಮ್ನೆ ಸಹಾಯಕ್ಕೆ...”

“ಅಳುಮುಖ ಮಾಡ್ಬೇಡ. ಚೆನ್ನಾಗಿ ಹಾಡಿದೆ ನೀನು.”

ಅಕ್ಕ ಕಿರುಚಿದ್ದರೆ ಎಣ್ಣೆಗೆ ಚಿಂತೆಯಿರಲಿಲ್ಲ. ಅವಳ ‘ಅಷ್ಟೇ ತಾನೆ’ ಅವನಿಗೆ ಗೊತ್ತು. ಸ್ಕೂಟರಿನಿಂದ ಒಮ್ಮೆ ಬಿದ್ದಾಗ ಇದೇ ಮಾತು ಹೇಳಿ ಕೀಲಿಕೈಯನ್ನು ಗೂಟಕ್ಕೆ ನೇತುಹಾಕಿದವಳು ಮತ್ತೆ ಅದನ್ನು ಮುಟ್ಟಿರಲಿಲ್ಲ. ಇವತ್ತು ಮೈಕು ಕೊಂಡಿಯಲ್ಲೇ ಉಳಿದರೆ ಮತ್ತೆ ಇಳಿಯುವುದಿಲ್ಲ.

“ಭಾವ, ತಂತಿ ಇಳಿಸಿ” ಎಂದ ಅವನು.

“ಏನು?”

“ಹಾಡು ಕಟ್ಟಿದ ಶ್ರುತಿಗೆ ಇಳಿಸಿ. ಕಟ್ಟಿದ ವೇಗದಲ್ಲೇ ನುಡಿಸೋಣ. ಇವಳು ಒದ್ದಾಡ್ತಿರೋದು ಹಾಡಿನ ಜೊತೆಗಲ್ಲ, ನನ್ನ ಬೆಲ್ಟಿನ ಜೊತೆಗೆ.”

ಭಾವ ತಲೆ ಕೊಡವಿದ. “ಎಣ್ಣೆ, ನಿನ್ನ ಸಿದ್ಧಾಂತಕ್ಕೆ ಇಡೀ ಬ್ಯಾಂಡು ಒಂದ್ಸಲ ಬಲಿಯಾಗಿದೆ ಕಣಯ್ಯ. ಎರಡನೇ ಕ್ಯಾಸೆಟ್ ನೆನಪಿದೆಯಾ? ಸರಿಯಾದ ಶ್ರುತಿ, ಸರಿಯಾದ ವೇಗ. ಏನಾಯ್ತು? ಜನ ಆಕಳಿಸಿದ್ರು.”

“ಅದರಲ್ಲಿ ಹಾಡುಗಳೂ ಬೇರೆ ಇದ್ವು. ಶ್ರುತಿ, ಹಾಡು ಎರಡನ್ನೂ ಒಟ್ಟಿಗೆ ಬದಲಾಯಿಸಿ, ಕೆಟ್ಟಿದ್ದು ಶ್ರುತಿಯಿಂದಲೇ ಅಂತ ಹೇಗೆ ಹೇಳ್ತೀರಿ? ಈ ಹಾಡನ್ನ ಅದರ ನಿಜವಾದ ಶ್ರುತೀಲಿ ಜನ ಕೇಳಿದ್ದು ಒಂದೇ ಸಲ.”

“ಕೇಳಿ, ಊಟ ಮಾಡಿಲ್ವಾ ಅಂದ್ರಲ್ಲ!”

“ಒಬ್ಬ ಅಂದ. ಒಬ್ಬನ ಮಾತಿಗೆ ಇಷ್ಟು ವರ್ಷ ತಂತಿ ಬಿಗಿದ್ವಿ.”

ಅಕ್ಕ ಕೈಚೀಲ ತೆಗೆದುಕೊಂಡಿದ್ದಳು. “ಕನಿಕರಕ್ಕೆ ಹಾಡು ಇಳಿಸೋದು ಬೇಡ ಕಣೋ. ಮುದುಕಿ ಹತ್ತಲಾರಳು ಅಂತ ಮೆಟ್ಟಿಲು ಕಡಿಮೆ ಮಾಡಿದ ಹಾಗೆ.”

“ಕೂತ್ಕೋ” ಎಂದ ಎಣ್ಣೆ. ಅಕ್ಕನಿಗೆ ಅವನು ಆ ದನಿಯಲ್ಲಿ ಹೇಳಿದ್ದು ಅದೇ ಮೊದಲು. ಅವಳು ಬ್ಯಾಟರಿ ಪೆಟ್ಟಿಗೆಯೊಂದರ ಮೇಲೆ ಕೂತಳು. “ಅರ್ಧ ಗಂಟೆ ಕೊಡು. ಬೇಡ ಅನ್ನಿಸಿದ್ರೆ ನಾನೇ ನಿನ್ನನ್ನ ಮನೆಗೆ ಬಿಟ್ಟು ಬರ್ತೀನಿ.”

ಹಳೆಯ ಟೇಪ್ ಯಂತ್ರ ಅವನ ಮನೆಯಲ್ಲೇ ಇತ್ತು. ಎರವಲು ಕೊಟ್ಟವನು, ಹೊಟ್ಟೆಯಲ್ಲಿ ಎಣ್ಣೆ ತುಂಬಿದ ಯಂತ್ರ ನನಗೆ ಬೇಡ ಎಂದು ಅವನಿಗೇ ಬಿಟ್ಟಿದ್ದ. ಎಣ್ಣೆ ಅದಕ್ಕೆ ಹೊಸ ಬೆಲ್ಟು ಹಾಕಿ, ತಿಂಗಳಿಗೊಮ್ಮೆ ಧೂಳು ಹೊಡೆದು ಕಾಪಾಡಿಕೊಂಡಿದ್ದ. ಮೊದಲ ರೆಕಾರ್ಡಿಂಗಿನ ಮೂಲ ಟೇಪೂ ಜೊತೆಗಿತ್ತು. ಎರಡನ್ನೂ ಎದೆಗವಚಿಕೊಂಡು ಬಂದು ಮೇಜಿನ ಮೇಲಿಟ್ಟ. ಹಳೆಯ ಗೆಳೆಯ ಸಿಕ್ಕಂತೆ ಬ್ಯಾಟರಿ ಅದರ ತಲೆ ಸವರಿದ. ಎಣ್ಣೆ ಗುಂಡಿ ಒತ್ತಿದ.

ನಾಗಾಲೋಟ. ತೆಳ್ಳಗಿನ ಬೆಳ್ಳಿ ದನಿ. ಜಗತ್ತೆಲ್ಲ ಕೇಳಿದ ಅದೇ ಹಾಡು.

“ಇದನ್ನ ಕೇಳ್ಸಕ್ಕೆ ಅಲ್ಲಿಂದ ಹೊತ್ಕೊಂಡು ಬಂದ್ಯಾ?” ಎಂದ ಭಾವ.

ಎಣ್ಣೆಯ ಮುಖ ಹುಳ್ಳಗಾಯಿತು. ಒಂದು ಕ್ಷಣ ಮಾತ್ರ. ಯಂತ್ರವನ್ನು ಇಷ್ಟು ಚೆನ್ನಾಗಿ ನೋಡಿಕೊಂಡರೆ ಅದು ಸರಿಯಾಗಿಯೇ ಓಡುತ್ತದೆ, ಸರಿಯಾಗಿ ಓಡಿದರೆ ತಪ್ಪಾಗಿಯೇ ಹಾಡುತ್ತದೆ. ಇಷ್ಟು ಸರಳ ಸಂಗತಿ ದಾರಿಯುದ್ದಕ್ಕೂ ಹೊಳೆದಿರಲಿಲ್ಲ.

“ಬ್ಯಾಟರಿ, ಅಂಗಡೀಲಿ ಎಣ್ಣೆ ಇದೆಯಾ? ತೆಳು ಎಣ್ಣೆ.”

ಎಲ್ಲರೂ ಅವನನ್ನೇ ನೋಡಿದರು. ಮೊದಲು ನಕ್ಕವಳು ಅಕ್ಕ. “ಲೋ, ಮತ್ತೆ ಹಾಕ್ತೀಯೇನೋ?”

“ಈ ಸಲ ಬೇಕಂತಲೇ.”

ಬ್ಯಾಟರಿ ದಡದಡನೆ ಇಳಿದು ಡಬ್ಬಿ ತಂದ. ಎಣ್ಣೆ ಯಂತ್ರದ ಬೆನ್ನು ಬಿಚ್ಚಿ, ಸೂಜಿಯ ತುದಿಯಲ್ಲಿ ಒಂದು ಹನಿ ತೆಗೆದು ಬೆಲ್ಟಿನ ಒಳಮೈಗೆ ಮುಟ್ಟಿಸಿದ. ಭಾವನಿಗೆ ತಂತಿಗಳನ್ನು ಹಾಡು ಕಟ್ಟಿದಾಗಿನ ಶ್ರುತಿಗೆ ಇಳಿಸಿ ಒಂದೇ ಸ್ವರ ಮೀಟುತ್ತಿರಲು ಹೇಳಿದ. ಭಾವ ಗೊಣಗುತ್ತಲೇ ಮೀಟಿದ. ಮೊದಲ ಹನಿಗೆ ಹಾಡು ಇಳಿಯಿತು, ಆದರೆ ಸಾಲದು. ಎರಡನೇ ಹನಿಗೆ ಅಕ್ಕನ ದನಿ ಗಡಸು ಗಂಡಸಿನದಾಗಿ ಗೂಳಿಯಂತೆ ಗುಟುರು ಹಾಕಿತು. “ನಮ್ಮಪ್ಪ ಹಾಡಿದ ಹಾಗಿದೆ!” ಎಂದ ಬ್ಯಾಟರಿ. ಎಣ್ಣೆ ಬಟ್ಟೆಯ ಚೂರಿನಿಂದ ಒರೆಸಿದ, ಕೇಳಿದ, ಮತ್ತೆ ಒಂಚೂರು ಒರೆಸಿದ. ಕಿವಿ ಯಂತ್ರದ ಮಟ್ಟಕ್ಕೆ, ಉಸಿರು ಬಿಗಿಹಿಡಿದು. ಕೊನೆಗೆ ಟೇಪಿನ ಗಿಟಾರೂ ಭಾವನ ಕೈಯಲ್ಲಿದ್ದ ಗಿಟಾರೂ ಒಂದರೊಳಗೊಂದು ಸೇರಿ ಕೂತವು.

ಅವನು ಟೇಪನ್ನು ಹಿಂದಕ್ಕೆ ಸುತ್ತಿ ಮೊದಲಿನಿಂದ ಹಾಕಿದ.

ಹಾಡು ಅವಸರವಿಲ್ಲದೆ ನಡೆದು ಬಂತು. ಅದರಲ್ಲಿ ಬಸ್ಸು ಓಡುತ್ತಿರಲಿಲ್ಲ. ಹೋಗಿಬಿಟ್ಟಿತ್ತು. ಖಾಲಿ ರಸ್ತೆ ಇತ್ತು, ಕಂಬವಿತ್ತು, ಕಂಬದ ಕೆಳಗೆ ನಿಂತವಳ ದನಿ ತುಂಬಿಕೊಂಡಿತ್ತು. ಭಾರವಾದ, ತುಸು ಒರಟಾದ ದನಿ. “ಇನ್ನೂ ಇಲ್ಲೇ ಇದ್ದೀನಿ” ಎನ್ನುವಾಗ ಅದು ಕೂಗಲಿಲ್ಲ. ಮೇಲೇರಿ, ಕಾಲೂರಿ ನಿಂತಿತು.

ಪುಟ್ಟಿ ಮೆಲ್ಲನೆ, “ಮಾಮ, ಇದು ಯಾವಾಗಿಂದು?” ಎಂದಳು.

“ನೀನು ಹುಟ್ಟೋಕೆ ಮುಂಚೇದು.”

“ಇದು ಅಮ್ಮನ ಈಗಿನ ದನಿ ಅಲ್ವಾ?”

ಎಣ್ಣೆಗೂ ಅದು ಹೊಸದೇ. ಶ್ರುತಿ ಇಳಿದರೆ ಅಕ್ಕನಿಗೆ ಹಾಡಲು ಹಗುರವಾದೀತು ಎಂದಷ್ಟೇ ಅವನ ಲೆಕ್ಕ. ಅಕ್ಕ ಕಳೆದುಕೊಂಡೆ ಎಂದು ಕೊರಗುತ್ತಿದ್ದ ಆ ತೆಳ್ಳನೆಯ ದನಿ ಯಾವ ಕಾಲಕ್ಕೂ ಅವಳದಾಗಿರಲೇ ಇಲ್ಲ ಎಂಬುದು ಅವನಿಗೂ ಈಗಷ್ಟೇ ಹೊಳೆಯಿತು. ಅದೊಂದು ಬೆಲ್ಟಿನ ದನಿ. ಅಕ್ಕನದು ಮೊದಲೂ ಇದೇ, ಈಗಲೂ ಇದೇ. ವಯಸ್ಸು ಅದಕ್ಕೆ ಒಂದಿಷ್ಟು ಹೊಗೆ ಸೇರಿಸಿತ್ತು, ಅಷ್ಟೆ.

ಅಕ್ಕ ಎದ್ದಳು. ಕೈಚೀಲ ಪೆಟ್ಟಿಗೆಯ ಮೇಲೇ ಉಳಿಯಿತು. ಕೊಂಡಿಯಿಂದ ಮೈಕು ತೆಗೆದು ಗಂಡನ ಕಡೆ ತಿರುಗಿದಳು. “ರೀ, ಆ ತಂತಿ ಹಾಗೇ ಇರ್ಲಿ. ಮೇಲೆ ಬಿಗಿದ್ರೆ ಕೈ ಮುರೀತೀನಿ.”

“ಜನ...”

“ಜನಕ್ಕೆ ನಾನು ಹೇಳ್ಕೋತೀನಿ.” ಆಮೇಲೆ ಆಯೋಜಕನಿಗೆ, “ಪೋಸ್ಟರಲ್ಲಿ ಮುಂದಿನ ಪುಟದಲ್ಲೇ ಹಾಕಪ್ಪ. ದೊಡ್ಡದಾಗಿ.”

ಆಯೋಜಕ ತಲೆಯ ಮೇಲಿನ ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. “ಸರ್, ಏನಾದ್ರೂ ಎಡವಟ್ಟಾದ್ರೆ?” ಎಂದು ಎಣ್ಣೆಯನ್ನು ಕೇಳಿದ.

“ಆದ್ರೆ ನನ್ನ ಹೆಸರು ಹೇಳಿ. ಅಭ್ಯಾಸ ಇದೆ.”

ಕಾರ್ಯಕ್ರಮದ ದಿನ ಗಿರಣಿಯ ಅಂಗಳ ಕಿಕ್ಕಿರಿದಿತ್ತು. ಹೊತ್ತು ಇನ್ನೂ ಮುಳುಗಿರಲಿಲ್ಲ, ಹೊಗೆಕೊಳವೆಯ ನೆರಳು ಜನರ ಮೇಲೆ ಅಡ್ಡಲಾಗಿ ಮಲಗಿತ್ತು. ಮುಂದೆ ಹುಡುಗ ಹುಡುಗಿಯರು, ಹಿಂದೆ ಇವರದೇ ವಯಸ್ಸಿನ ಹೊಟ್ಟೆ ಬಂದ, ತಲೆ ನರೆತ ಹಳೆಯ ಅಭಿಮಾನಿಗಳು. ಕೊನೆಯ ಹಾಡಿಗೆ ಮುಂಚೆಯೇ “ಬಸ್ಸು! ಬಸ್ಸು!” ಎಂಬ ಕೂಗು ಎದ್ದಿತು.

ಬ್ಯಾಟರಿ ನಿಧಾನದ ತಾಳ ಹಿಡಿದ. ಕುಣಿಯಲು ಕಾಲೆತ್ತಿದವರು ಕಾಲನ್ನು ಎಲ್ಲಿ ಇಡುವುದೆಂದು ತಿಳಿಯದೆ ನಿಂತರು. ಅಕ್ಕ ಮೊದಲ ಸಾಲು ಹಾಡಿದಳು. ಜನ ಬಾಯಿಪಾಠದ ವೇಗದಲ್ಲಿ ಹಾಡುತ್ತ ಅವಳಿಗಿಂತ ಮೊದಲೇ ಸಾಲು ಮುಗಿಸಿ, ಅಲ್ಲಿ ಯಾರೂ ಇಲ್ಲದ್ದು ಕಂಡು ತಬ್ಬಿಬ್ಬಾದರು. ಮಧ್ಯದಿಂದ ಯಾರೋ ಕೂಗಿದರು, “ಬೇಗ! ಬೇಗ!”

ಅಕ್ಕ ಕೈಯೆತ್ತಿದಳು. ಬ್ಯಾಟರಿ ತಾಳವನ್ನಷ್ಟೇ ಉಳಿಸಿದ.

“ಈ ಹಾಡು ಬರೆದವಳು ನಾನು. ಇದರ ವೇಗ ಇದೇ. ಅವಸರ ಇದ್ದೋರು ಮುಂದೆ ಹೋಗಿ ಕೂತಿರಿ, ನಾವು ಹಿಂದಿಂದ ಬರ್ತೀವಿ.”

ನಗು ಮುಂದಿನ ಸಾಲಿನಿಂದ ಹಿಂದಿನ ಗೋಡೆಯವರೆಗೆ ಹೋಯಿತು. ಅಕ್ಕ ನಗು ಇಳಿಯುವ ತನಕ ಕಾದು ಎರಡನೇ ಚರಣ ಎತ್ತಿಕೊಂಡಳು. ಈ ಸಲ ಯಾರೂ ಮುಂದೆ ಓಡಲಿಲ್ಲ. “ಇನ್ನೂ ಇಲ್ಲೇ” ಎಂದು ಅವಳು ಏರಿದಳು. ‘ಇದ್ದೀನಿ’ಯಲ್ಲಿ ನಿಂತಳು. ಒಡೆಯಲಿಲ್ಲ, ಅಲುಗಲಿಲ್ಲ, ಹೊಗೆಕೊಳವೆಯ ಹಾಗೆ ನಿಂತಿತು ಆ ದನಿ.

ಆಗ ಎಣ್ಣೆಗೆ ಹಿಂದೆಂದೂ ಕೇಳದ ಸದ್ದೊಂದು ಕೇಳಿಸಿತು. ಇಷ್ಟು ವರ್ಷ ಜನ ಆ ಜಾಗದಲ್ಲಿ ಶಿಳ್ಳೆ ಹೊಡೆಯುತ್ತಿದ್ದರು, ಕಿರುಚುತ್ತಿದ್ದರು. ಅಷ್ಟು ಎತ್ತರದ ಸ್ವರ ಯಾರ ಗಂಟಲಿಗೂ ಎಟುಕುತ್ತಿರಲಿಲ್ಲ. ಮೂರನೇ ಚರಣದ ಕೊನೆಗೆ, ಹಿಂದಿನ ಸಾಲುಗಳಲ್ಲಿ ತಲೆ ನರೆತವರು ಮೊದಲು, ಆಮೇಲೆ ಹುಡುಗರು, “ಇನ್ನೂ ಇಲ್ಲೇ ಇದ್ದೀನಿ” ಎಂದು ಅಕ್ಕನ ಜೊತೆಗೇ ಹತ್ತಿ ಅವಳ ಜೊತೆಗೇ ನಿಂತರು. ಪುಟ್ಟಿ ಕೀಬೋರ್ಡಿನಿಂದ ಕೈ ತೆಗೆದು ಸುಮ್ಮನೆ ಕೇಳುತ್ತಿದ್ದಳು. ಅಕ್ಕ ಮೈಕನ್ನು ಬಾಯಿಂದ ದೂರ ಹಿಡಿದಳು; ಆದರೂ ಅವಳ ದನಿ ಎಣ್ಣೆಗೆ ಬೇರೆಯಾಗಿ ಕೇಳುತ್ತಿತ್ತು.

ಹಾಡು ಮುಗಿದಾಗ ಭಾವ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದ. ಸುರುಳಿ ಸುತ್ತಿದ ತಂತಿ ಇದ್ದ ಹಾಗೇ ಇತ್ತು. ಅದನ್ನು ಹೊರತೆಗೆದು, ಗದ್ದಲದ ನಡುವೆ ಎಣ್ಣೆಯ ಕಿವಿಯ ಹತ್ತಿರ ಬಂದು ಕೇಳಿದ:

“ಇದನ್ನ ಏನು ಮಾಡ್ಲಯ್ಯ ಈಗ?”

“ಇಟ್ಕೊಳ್ಳಿ ಭಾವ. ಎರಡನೇ ಕ್ಯಾಸೆಟ್ಟಿನ ಹಾಡುಗಳನ್ನೂ ಒಂದ್ಸಲ ಬಿಗಿದು ನೋಡೋಣ.”

ಭಾವ ಅವನನ್ನು ದುರುಗುಟ್ಟಿ ನೋಡಿದ. ಅಂಗಳದಿಂದ “ಇನ್ನೊಂದ್ಸಲ!” ಎಂಬ ಕೂಗು ಏಳುತ್ತಿತ್ತು. ಅಕ್ಕ ಆಗಲೇ ಬ್ಯಾಟರಿಯ ಕಡೆ ತಿರುಗಿ, ಬೆರಳಿನಲ್ಲಿ ಅದೇ ನಿಧಾನದ ತಾಳ ತೋರಿಸುತ್ತಿದ್ದಳು.